ಇಲ್ಲದ ಬಲೆ, ಇದ್ದ ಉಂಗುರ

1540ರ ಚಳಿಗಾಲ. ಇಟಲಿಯ ಬೊಲೊನ್ಯಾ ನಗರಕ್ಕೆ ಹೆಣ ಕೊಯ್ದು ಪಾಠ ಹೇಳಲು ಪಡುವಾದಿಂದ ಒಬ್ಬ ಎಳೆಯ ಪ್ರಾಧ್ಯಾಪಕ ಬಂದಿದ್ದ. ಹೆಸರು ಆಂಡ್ರಿಯಾಸ್ ವೆಸೇಲಿಯಸ್, ವಯಸ್ಸು ಇನ್ನೂ 25. ಆ ಕಾಲದ ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕೂತು ಹಳೆಯ ಗ್ರಂಥ ಓದುತ್ತಿದ್ದರು. ಕೆಳಗೆ ನಿಂತ ಕ್ಷೌರಿಕ ಕೊಯ್ಯುತ್ತಿದ್ದ. ಗ್ರಂಥದಲ್ಲಿದ್ದದ್ದು ಹೆಣದಲ್ಲಿ ಕಾಣಿಸದಿದ್ದರೆ ತಪ್ಪು ಹೆಣದ್ದೇ ಎಂದು ತೀರ್ಮಾನವಾಗುತ್ತಿತ್ತು. ವೆಸೇಲಿಯಸ್ ಈ ಸಂಪ್ರದಾಯಕ್ಕೆ ಸೊಪ್ಪು ಹಾಕದೆ ಪೀಠದಿಂದ ಇಳಿದು ಬಂದು ತಾನೇ ಚಾಕು ಹಿಡಿಯುತ್ತಿದ್ದ. ಅಂಥ ದಿಟ್ಟನೂ ತಲೆಯ ಪಾಠದ ದಿನ ಮಾತ್ರ ಕುರಿಯದೋ ಎತ್ತಿನದೋ ತಲೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಪಾಠ ಶುರುಮಾಡುತ್ತಿರಲಿಲ್ಲ. ಮಿದುಳಿನ ಬುಡದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೇಬೇಕಾದ ಒಂದು ಅಂಗವಿತ್ತು. ಮನುಷ್ಯರ ತಲೆಯಲ್ಲಿ ಎಷ್ಟು ಹುಡುಕಿದರೂ ಅದು ಅವನ ಕೈಗೆ ಸಿಕ್ಕಿರಲಿಲ್ಲ. ಕುರಿಯ ತಲೆಯಲ್ಲಿ ತಪ್ಪದೆ ಸಿಗುತ್ತಿತ್ತು.

ಆ ಅಂಗವನ್ನು 'ಅದ್ಭುತ ಬಲೆ' ಎಂದು ಕರೆಯುತ್ತಿದ್ದರು. ಅದನ್ನು ಲೋಕಪ್ರಸಿದ್ಧ ಮಾಡಿದವನು ಗೇಲನ್. ಕ್ರಿ.ಶ. 129ರಲ್ಲಿ ಪರ್ಗಮಮ್‌ನಲ್ಲಿ ಹುಟ್ಟಿ, ಅಲ್ಲಿಯ ಗ್ಲಾಡಿಯೇಟರುಗಳ ಗಾಯಗಳಿಗೆ ಹೊಲಿಗೆ ಹಾಕಿ ಕೈ ಪಳಗಿಸಿಕೊಂಡು, ಆಮೇಲೆ ರೋಮ್ ಸೇರಿ ಸಾಮ್ರಾಟರ ವೈದ್ಯನಾದವನು. ಕಿರುಚುತ್ತಿರುವ ಹಂದಿಯ ಕೊರಳಿನ ನರವನ್ನು ಕತ್ತರಿಸಿ ಅದರ ದನಿಯನ್ನು ತಟ್ಟನೆ ನಿಲ್ಲಿಸಿ ನೋಡುವವರನ್ನು ದಂಗುಬಡಿಸಿದ್ದ. ಆದರೆ ರೋಮಿನಲ್ಲಿ ಮನುಷ್ಯರ ಹೆಣ ಕೊಯ್ಯುವಂತಿರಲಿಲ್ಲ. ಹಂದಿ, ಕುರಿ, ಎತ್ತು, ಕೋತಿಗಳೇ ಅವನ ಪಾಲಿಗೆ ಪಠ್ಯಪುಸ್ತಕ. ಕತ್ತಿನ ಎರಡೂ ಬದಿಯಲ್ಲಿ ಬೆರಳಿಟ್ಟರೆ ಮಿಡಿಯುವ ಕ್ಯಾರೊಟಿಡ್ ಧಮನಿಗಳು ಎತ್ತಿನ ತಲೆಬುರುಡೆಯೊಳಗೆ ಹೊಕ್ಕು, ನೂರಾರು ಎಳೆಗಳಾಗಿ ಒಡೆದು, ಮೀನುಗಾರರ ಬಲೆಗಳನ್ನು ಒಂದರ ಮೇಲೊಂದು ರಾಶಿ ಹಾಕಿದಂತೆ ಹೆಣೆದುಕೊಂಡಿದ್ದನ್ನು ಅವನು ಕಂಡ. ಹೃದಯದಿಂದ ಬಂದ ಜೀವಶಕ್ತಿ ಈ ಬಲೆಯಲ್ಲಿ ಸೋಸಿಕೊಂಡು ಬುದ್ಧಿಯ ಶಕ್ತಿಯಾಗುತ್ತದೆ ಎಂದು ಬರೆದ. ಎತ್ತಿಗೇ ಇಷ್ಟು ಸೊಗಸಾದ ಬಲೆ ಇದ್ದರೆ ಮನುಷ್ಯನಿಗೆ ಇಲ್ಲದಿರುತ್ತದೆಯೇ?

ಅದೇ ಗೇಲನ್ ಇನ್ನೊಂದು ಕೆಲಸವನ್ನೂ ಮಾಡಿದ್ದ. ಕ್ಯಾರೊಟಿಡ್ ಧಮನಿಗಳನ್ನು ಅದುಮಿದರೆ ಪ್ರಾಣಿ ಮಂಪರು ಬಂದು ಬೀಳುತ್ತದೆ ಎಂದು ಅವನಿಗಿಂತ ಹಿಂದಿನವರು ನಂಬಿದ್ದರು. ಅವನು ಆ ಧಮನಿಗಳನ್ನಷ್ಟೇ ನಾಜೂಕಾಗಿ ಬಿಡಿಸಿ ದಾರದಿಂದ ಬಿಗಿದು ಕಟ್ಟಿ ನೋಡಿದ. ಪ್ರಾಣಿಗಳು ಬೀಳಲಿಲ್ಲ. ಹಿಂದಿನವರು ಧಮನಿಯ ಜೊತೆಗೆ ನರವನ್ನೂ ಸೇರಿಸಿ ಹಿಸುಕಿದ್ದರು ಎಂದು ತೀರ್ಪು ಕೊಟ್ಟು ಮುಂದೆ ಹೋದ. ಆ ತೀರ್ಪಿನಲ್ಲಿ ಜಾಣತನವಿತ್ತು. ಆದರೆ ಮಿದುಳಿಗೆ ಹೋಗುವ ಹೆದ್ದಾರಿಯನ್ನೇ ಮುಚ್ಚಿದರೂ ಮಿದುಳು ಹೇಗೆ ಸುಮ್ಮನೆ ಕೆಲಸ ಮಾಡುತ್ತಲೇ ಇತ್ತು ಎಂಬ ಪ್ರಶ್ನೆ ಬಗೆಹರಿಯದೆ ಹಾಗೇ ಬಿದ್ದಿತ್ತು, ಸಾವಿರದ ನಾನೂರು ವರ್ಷಕ್ಕೂ ಹೆಚ್ಚು ಕಾಲ.

ಬಲೆಯ ಬಗ್ಗೆ ಮೊದಲು ತಕರಾರು ತೆಗೆದವನು ಬೊಲೊನ್ಯಾದ ಶಸ್ತ್ರವೈದ್ಯ ಬೆರೆಂಗಾರಿಯೊ ಡ ಕಾರ್ಪಿ. ಇದೊಂದಕ್ಕಾಗಿಯೇ ನೂರಕ್ಕೂ ಹೆಚ್ಚು ತಲೆಗಳನ್ನು ಬಿಚ್ಚಿ ನೋಡಿದ್ದೇನೆ, ಬಲೆ ಕಂಡಿಲ್ಲ ಎಂದು 1520ರ ದಶಕದ ಆರಂಭದಲ್ಲಿ ಬರೆದ. ನೂರು ತಲೆ ಎಂದರೆ ಸಾಮಾನ್ಯ ಮಾತಲ್ಲ. ಹೆಣಗಳು ಸಿಗುತ್ತಿದ್ದದ್ದೇ ಅಪರೂಪ. ಸಿಕ್ಕಿದರೂ ಬೇಗ ಕೊಳೆಯುತ್ತಿದ್ದವು, ಅದರಲ್ಲೂ ಮಿದುಳು ಎಲ್ಲಕ್ಕಿಂತ ಮೊದಲು. ಹೊಟ್ಟೆ ಎದೆಗಳ ಪಾಠ ಮುಗಿದು ತಲೆಯ ಸರದಿ ಬರುವ ಹೊತ್ತಿಗೆ ಅದು ಬುರುಡೆಯೊಳಗೆ ಮೆತ್ತಗಾಗಿ ಹೋಗಿರುತ್ತಿತ್ತು. ಬೆರೆಂಗಾರಿಯೊನ ಮಾತು ಯಾರ ಕಿವಿಗೂ ಬೀಳಲಿಲ್ಲ. ಗೇಲನ್‌ನಂಥವನು ಕಂಡದ್ದನ್ನು ಇವನು ಕಾಣಲಿಲ್ಲವೆಂದರೆ ಇವನ ಕಣ್ಣಿನ ದೋಷ, ಅಷ್ಟೆ.

ವೆಸೇಲಿಯಸ್‌ನೂ ಮೊದಮೊದಲು ಹಾಗೆಯೇ ಅಂದುಕೊಂಡಿದ್ದ. 1538ರಲ್ಲಿ ಅವನು ಅಚ್ಚು ಹಾಕಿಸಿದ ಚಿತ್ರಪಟಗಳಲ್ಲಿ ಬಲೆ ಠಾಕುಠೀಕಾಗಿ ಕೂತಿದೆ. ಆಮೇಲಿನ ಐದು ವರ್ಷಗಳಲ್ಲಿ ಅವನೊಳಗೆ ಏನೋ ಮುರಿಯಿತು. ಗೇಲನ್ ಹೇಳಿದ ದವಡೆಯ ಮೂಳೆ, ಎದೆಮೂಳೆ, ಪಿತ್ತಜನಕಾಂಗ ಯಾವುದೂ ಮನುಷ್ಯನದಕ್ಕೆ ಹೊಂದುತ್ತಿರಲಿಲ್ಲ, ಪ್ರಾಣಿಗಳದಕ್ಕೆ ಹೊಂದುತ್ತಿದ್ದವು. ಆ ಮಹಾಪುರುಷ ಮನುಷ್ಯನ ಹೆಣವನ್ನು ಕೊಯ್ದೇ ಇರಲಿಲ್ಲ! 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ತನ್ನ ಹೆಬ್ಬೊತ್ತಗೆಯಲ್ಲಿ ವೆಸೇಲಿಯಸ್ ಬಲೆಯನ್ನು ತಳ್ಳಿಹಾಕಿದ್ದಷ್ಟೇ ಅಲ್ಲ, ಕುರಿ ಎತ್ತುಗಳ ತಲೆ ಪಕ್ಕದಲ್ಲಿಟ್ಟುಕೊಂಡು ಪಾಠ ಮಾಡುತ್ತಿದ್ದ ತನ್ನ ಗುಟ್ಟನ್ನೂ ತಾನೇ ಬಯಲುಮಾಡಿದ. ಗೇಲನ್ ಮೇಲಿನ ಭಕ್ತಿ ತನ್ನ ಕಣ್ಣು ಕಟ್ಟಿತ್ತು ಎಂದು ಒಪ್ಪಿಕೊಂಡ. ಪ್ಯಾರಿಸ್‌ನಲ್ಲಿದ್ದ ಅವನ ಹಳೆಯ ಗುರು ಸಿಲ್ವಿಯಸ್ ಉರಿದುಬಿದ್ದ. ಶಿಷ್ಯನನ್ನು ಹುಚ್ಚನೆಂದು ಕರೆದ, ಗೇಲನ್ ತಪ್ಪಿಲ್ಲ, ಅವನ ಕಾಲದಿಂದೀಚೆಗೆ ಮನುಷ್ಯರ ದೇಹವೇ ಬದಲಾಗಿದೆ ಎಂದು ವಾದಿಸಿದ. ಗ್ರಂಥವನ್ನು ಉಳಿಸಿಕೊಳ್ಳಲು ಮನುಷ್ಯಕುಲವನ್ನೇ ತಿದ್ದಿದ ಭಕ್ತ ಅವನು. ಅಂದಹಾಗೆ ಕುರಿ, ಎತ್ತು, ಹಂದಿಗಳಲ್ಲಿ ಬಲೆ ಇರುವುದು ನಿಜ. ಅದು ಬುದ್ಧಿಯನ್ನು ಸೋಸುವುದಿಲ್ಲ. ಮಿದುಳಿಗೆ ಹೋಗುವ ಬಿಸಿ ರಕ್ತ ಅಲ್ಲಿ ತಂಪಾಗುತ್ತದೆ, ಅಷ್ಟೇ.

ಬಲೆ ಹೋಯಿತು, ಅದರ ಜಾಗ ಖಾಲಿ ಉಳಿಯಿತು. ಕ್ಯಾರೊಟಿಡ್ ಧಮನಿ ಬುರುಡೆಯೊಳಗೆ ಹೊಕ್ಕ ಮೇಲೆ ಏನಾಗುತ್ತದೆ? ಫಲ್ಲೋಪಿಯಸ್, ಕಸ್ಸೇರಿಯಸ್, ವೆಸ್ಲಿಂಗ್ ಮುಂತಾದವರು ಒಬ್ಬೊಬ್ಬರೂ ಒಂದೊಂದು ತುಂಡು ಬರೆದರು. ಅಷ್ಟರಲ್ಲಿ 1628ರಲ್ಲಿ ಲಂಡನ್ನಿನ ವಿಲಿಯಂ ಹಾರ್ವೆ, ರಕ್ತ ಹೃದಯದಿಂದ ಹೊರಟು ಮತ್ತೆ ಹೃದಯಕ್ಕೇ ಮರಳುತ್ತದೆ ಎಂದು ಸಾಧಿಸಿ ತೋರಿಸಿದ. ಅಲ್ಲಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ನಾಳ ಎಲ್ಲಿದೆ ಎಂದು ಕೇಳುತ್ತಿದ್ದವರು ಅದರೊಳಗಿನ ರಕ್ತ ಯಾವ ಕಡೆಗೆ ಹರಿಯುತ್ತದೆ, ದಾರಿ ಕಟ್ಟಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳತೊಡಗಿದರು.

ಕತೆ ಇಲ್ಲಿಂದ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೊರಳಿತು. ಅಂತರ್ಯುದ್ಧದಲ್ಲಿ ರಾಜನ ಪರ ನಿಂತು ಸೋತವರ ಊರು ಅದು. ಅಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯನಿದ್ದ. ನಡುಎತ್ತರದ ಆಳು, ಕೆಂಚುಗೂದಲು, ಮಾತು ತೊದಲು. ಆರಂಭದಲ್ಲಿ ರೋಗಿಗಳೇ ಇಲ್ಲದೆ, ಇನ್ನೊಬ್ಬ ವೈದ್ಯನೊಂದಿಗೆ ಪಾಲಿನಲ್ಲಿ ಒಂದು ಕುದುರೆ ಇಟ್ಟುಕೊಂಡು ಪಕ್ಕದ ಆಬಿಂಗ್‌ಡನ್ ಸಂತೆಗೆ ಹೋಗಿ, ರೈತರು ತಂದ ಮೂತ್ರದ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ ರೋಗ ಹೇಳುತ್ತಿದ್ದ. ಅವನಿಗೆ ಹೆಸರು ತಂದುಕೊಟ್ಟಿದ್ದು ಸತ್ತ ಹೆಂಗಸೊಬ್ಬಳು. ಸತ್ತಳೆಂದು ಎಲ್ಲರೂ ನಂಬಿದ್ದ ಹೆಂಗಸು ಎನ್ನಬೇಕು.

1650ರ ಡಿಸೆಂಬರ್ 14ರ ಚಳಿಯ ಬೆಳಿಗ್ಗೆ ಆಕ್ಸ್‌ಫರ್ಡ್‌ನಲ್ಲಿ ಆನ್ ಗ್ರೀನ್ ಎಂಬ ಮನೆಗೆಲಸದವಳನ್ನು ಗಲ್ಲಿಗೇರಿಸಿದರು. ವಯಸ್ಸು 22. ಯಜಮಾನನ ಮೊಮ್ಮಗನಿಂದ ಬಸಿರಾಗಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಜೀವವಿರಲಿಲ್ಲ. ಕೂಸನ್ನು ಕೊಂದಳೆಂಬ ಅಪರಾಧ ಅವಳ ತಲೆಗೆ ಕಟ್ಟಲಾಗಿತ್ತು. ಸುಮಾರು ಅರ್ಧ ಗಂಟೆ ಅವಳು ನೇಣಿನಲ್ಲಿ ತೂಗಿದಳು. ಬೇಗ ಪ್ರಾಣ ಹೋಗಲಿ ಎಂಬ ಕರುಣೆಯಿಂದ ಅವಳ ಕಡೆಯವರೇ ಕಾಲು ಹಿಡಿದು ಜಗ್ಗಿದರು, ಸಿಪಾಯಿಯೊಬ್ಬ ಬಂದೂಕಿನ ಹಿಡಿಯಿಂದ ಎದೆಗೆ ಗುದ್ದಿದ. ಆಕ್ಸ್‌ಫರ್ಡ್‌ನಿಂದ 21 ಮೈಲಿಯೊಳಗೆ ಗಲ್ಲಿಗೇರಿದವರ ಹೆಣ ವಿಶ್ವವಿದ್ಯಾಲಯದ ಅಂಗರಚನಾ ಶಿಕ್ಷಕರಿಗೆ ಸೇರಬೇಕೆಂದು ರಾಜನ ಸನ್ನದಿತ್ತು. ಹಾಗಾಗಿ ಶವಪೆಟ್ಟಿಗೆ ಆ ಶಿಕ್ಷಕರಲ್ಲೊಬ್ಬನಾದ ವಿಲಿಯಂ ಪೆಟ್ಟಿಯ ಕೋಣೆಗೆ ಬಂತು. ಮುಚ್ಚಳ ತೆಗೆದಾಗ ಹೆಣದ ಗಂಟಲಲ್ಲಿ ಗೊರಗೊರ ಸದ್ದು.

ನಿಂತಿದ್ದವನೊಬ್ಬ ಸಂಕಟ ಮುಗಿಸಲೆಂದು ಅವಳ ಎದೆಯ ಮೇಲೆ ಕಾಲಿಟ್ಟು ತುಳಿದ. ಅಷ್ಟರಲ್ಲಿ ಬಂದ ಪೆಟ್ಟಿಯೂ ವಿಲ್ಲಿಸ್‌ನೂ ಚಾಕುಗಳನ್ನು ಬದಿಗಿಟ್ಟರು. ಕಚ್ಚಿಕೊಂಡಿದ್ದ ಹಲ್ಲುಗಳನ್ನು ಮೀಟಿ ಬಾಯಿಗೆ ಬಿಸಿ ಪಾನೀಯ ಹನಿಸಿದರು, ಗಂಟಲಿಗೆ ಗರಿಯಿಂದ ಕಚಗುಳಿಯಿಟ್ಟರು, ಕೈಕಾಲು ತಿಕ್ಕಿದರು, ಆ ಕಾಲದ ರೂಢಿಯಂತೆ ಒಂದಷ್ಟು ರಕ್ತವನ್ನೂ ತೆಗೆದರು. ಕಡೆಗೆ ಬೆಚ್ಚಗಿನ ಹಾಸಿಗೆಯಲ್ಲಿ ಇನ್ನೊಬ್ಬ ಹೆಂಗಸನ್ನು ಪಕ್ಕದಲ್ಲಿ ಮಲಗಿಸಿ ಮೈಕಾವು ಕೊಡಿಸಿದರು. ಮರುದಿನದ ಹೊತ್ತಿಗೆ ಆನ್ ಮಾತಾಡಿದಳು. ನೇಣಿಗೇರಿದ್ದು ಅವಳಿಗೆ ನೆನಪೇ ಇರಲಿಲ್ಲ. ಕ್ಷಮಾದಾನ ಸಿಕ್ಕಿತು. ತಾನು ಮಲಗಿದ್ದ ಶವಪೆಟ್ಟಿಗೆಯನ್ನು ಹೊತ್ತುಕೊಂಡು ಊರು ಸೇರಿದ ಅವಳು ಮದುವೆಯಾಗಿ ಮೂರು ಮಕ್ಕಳನ್ನು ಹೆತ್ತಳು. ಕೊರಳಿಗೆ ಹಗ್ಗ ಬಿಗಿದರೂ ತಲೆಯೊಳಗಿನ ದೀಪ ಪೂರ್ತಿ ಆರದೆ ಉಳಿದದ್ದು ಹೇಗೆಂದು ಹೇಳಲು ಆ ದಿನ ಅಲ್ಲಿದ್ದ ಯಾರಿಂದಲೂ ಆಗುತ್ತಿರಲಿಲ್ಲ. ವಿಲ್ಲಿಸ್‌ಗೆ ಹೆಸರು ಬಂತು, ಹೆಸರಿನ ಹಿಂದೆ ರೋಗಿಗಳು ಬಂದರು.

1660ರಲ್ಲಿ ರಾಜ ಮರಳಿದ. ರಾಜನಿಷ್ಠ ವಿಲ್ಲಿಸ್‌ಗೆ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ ಪೀಠ ಒಲಿಯಿತು. ಪಾಠ ಮಾಡುತ್ತ ಮಾಡುತ್ತ ಅವನಿಗೆ ಕಸಿವಿಸಿ ಶುರುವಾಯಿತು. ಮಿದುಳಿನ ಬಗ್ಗೆ ತಾನು ಹೇಳುತ್ತಿರುವುದರಲ್ಲಿ ಬಹುಪಾಲು ಊಹೆ, ಇಲ್ಲವೇ ಬೇರೆಯವರ ಊಹೆ. ಎಲ್ಲ ಬಿಟ್ಟು ಮೊದಲಿನಿಂದ ಬಿಚ್ಚಿ ನೋಡುವುದೆಂದು ಹಟ ಹಿಡಿದ. ಅವನ ಅದೃಷ್ಟಕ್ಕೆ ಜೊತೆಗಾರರು ಸಿಕ್ಕಿದರು. ರಿಚರ್ಡ್ ಲೋವರ್ ಕಾರ್ನ್‌ವಾಲ್ ಕಡೆಯ ತರುಣ. ಚಾಕು ಹಿಡಿದರೆ ಕೂದಲೆಳೆಯಷ್ಟು ತೆಳುವಾದ ನಾಳವನ್ನೂ ಹರಿಯದೆ ಬಿಡಿಸಬಲ್ಲವನು. ಇನ್ನೊಬ್ಬ ಖಗೋಳದ ಪ್ರಾಧ್ಯಾಪಕ ಕ್ರಿಸ್ಟೋಫರ್ ರೆನ್. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿ ಅವನು ಜಗತ್ಪ್ರಸಿದ್ಧನಾದದ್ದು ಬಹಳ ಆಮೇಲೆ. ಆ ದಿನಗಳಲ್ಲಿ ಹಕ್ಕಿಯ ಗರಿಯ ಕೊಳವೆಯನ್ನು ಪ್ರಾಣಿಯ ಮೂತ್ರಕೋಶದ ಚೀಲಕ್ಕೆ ಕಟ್ಟಿ ನಾಯಿಯ ರಕ್ತನಾಳಕ್ಕೆ ಔಷಧಿ ಏರಿಸಿ ನೋಡಿದ್ದವನು ಅವನು. ಜೊತೆಗೆ ಚಿತ್ರ ಬರೆಯುವ ಕೈ.

ಮೊದಲ ತೊಡಕು ಮಿದುಳನ್ನು ಹೊರತೆಗೆಯುವುದೇ. ಅದುವರೆಗೂ ಬಹುಪಾಲು ಅಂಗರಚನಕಾರರು ಬುರುಡೆಯ ಮೇಲ್ಭಾಗ ತೆಗೆದು, ಮಿದುಳನ್ನು ಇದ್ದಲ್ಲೇ ಬಿಟ್ಟು, ಮೇಲಿನಿಂದ ಒಂದೊಂದೇ ಪದರ ಹೋಳು ಮಾಡುತ್ತ ಇಳಿಯುತ್ತಿದ್ದರು. ಬುಡ ತಲಪುವಷ್ಟರಲ್ಲಿ ಅಲ್ಲಿನ ನಾಳ ನರಗಳೆಲ್ಲ ಚಿಂದಿ. ಎಲ್ಲಕ್ಕಿಂತ ಮುಖ್ಯವಾದದ್ದು ಬುಡದಲ್ಲೇ ಇತ್ತೆಂಬುದು ದುರದೃಷ್ಟ. ವಿಲ್ಲಿಸ್ ಮತ್ತು ಲೋವರ್ ಬುರುಡೆಯನ್ನು ಬಿಡಿಸಿ, ಒಳಗೆ ಬರುವ ಪ್ರತಿಯೊಂದು ನರ, ನಾಳವನ್ನು ಬುಡದಲ್ಲಿ ಕತ್ತರಿಸಿಕೊಳ್ಳುತ್ತ, ಇಡೀ ಮಿದುಳನ್ನು ಎತ್ತಿ ಮಗುಚಿ ಹಾಕುವುದನ್ನು ಕರಗತ ಮಾಡಿಕೊಂಡರು. ಕೊಳೆಯದಂತೆ ಕಾಪಾಡಲು ಮದ್ಯಸಾರ ನೆರವಿಗೆ ಬಂತು. ಮನುಷ್ಯರ ಮಿದುಳು ಸಿಗದ ದಿನ ಕುರಿ, ಕರು, ಹಂದಿ, ನಾಯಿ, ಕೋಳಿ, ಮೀನು ಹೀಗೆ ಕೈಗೆ ಸಿಕ್ಕಿದ್ದೆಲ್ಲ ವಿಲ್ಲಿಸ್‌ನ ಮೇಜಿಗೆ ಬಂತು. ಆ ಮನೆಯ ವಾಸನೆ ನೆರೆಹೊರೆಯವರಿಗೆ ಹೇಗಿತ್ತೋ.

ಮಗುಚಿದ ಮಿದುಳಿನ ಬುಡದಲ್ಲಿ ಧಮನಿಗಳು ಉಂಗುರದಂತೆ ಒಂದು ಸುತ್ತು ಬಂದಿದ್ದವು. ಕಣ್ಣಿಗೆ ಕಂಡದ್ದು ಅಷ್ಟು. ಆದರೆ ಸತ್ತವರ ಧಮನಿಗಳು ಖಾಲಿಯಾಗಿ ಚಪ್ಪಟೆ ಬಿದ್ದಿರುತ್ತವೆ. ಒಂದಕ್ಕೊಂದು ಅಂಟಿಕೊಂಡಂತೆ ಕಂಡ ಮಾತ್ರಕ್ಕೆ ಒಳಗೆ ದಾರಿ ಇದೆಯೆಂದು ನಂಬುವುದು ಹೇಗೆ? ಪಿಚಕಾರಿಯಲ್ಲಿ ಶಾಯಿ ಬೆರೆಸಿದ ದ್ರವ ತುಂಬಿ, ಒಂದು ಬದಿಯ ಕ್ಯಾರೊಟಿಡ್‌ಗೆ ಮಾತ್ರ ಒತ್ತಿದರು. ಒತ್ತಿದ ಬದಿ ಕಪ್ಪಾಯಿತು. ಅದು ನಿರೀಕ್ಷಿಸಿದ್ದೇ. ಮತ್ತೆ ಒತ್ತಿದರು. ಕಪ್ಪು ಗೆರೆ ನಡುವಿನ ಗಡಿ ದಾಟಿ ಆಚೆ ಬದಿಗೂ ಹರಿಯಿತು. ಮತ್ತೆ ಮತ್ತೆ ಒತ್ತಿದಂತೆ ದೊಡ್ಡ ಮಿದುಳು, ಕಿರುಮಿದುಳುಗಳ ಮೂಲೆಮೂಲೆಯ ಎಳೆನಾಳಗಳಿಗೂ ಬಣ್ಣ ಏರಿತು. ಹಾಕಿದ್ದು ಒಂದೇ ಬಾಗಿಲಿನಿಂದ. ತಲಪದ ಕೋಣೆ ಒಂದೂ ಉಳಿಯಲಿಲ್ಲ.

ಸತ್ತ ಮಿದುಳಿನ ಸಾಕ್ಷಿ ಸಾಲದೆಂದು ಅವರು ಬದುಕಿರುವ ನಾಯಿಯೊಂದರ ಎರಡೂ ಕ್ಯಾರೊಟಿಡ್ ಧಮನಿಗಳನ್ನು ದಾರದಿಂದ ಬಿಗಿದು ಕಟ್ಟಿದರು. ಅರಿವಳಿಕೆ ಇಲ್ಲದ ಕಾಲದ ಆ ಕ್ರೌರ್ಯವನ್ನು ಇಂದು ಓದುವಾಗ ಮೈ ಜುಂ ಎನ್ನುತ್ತದೆ. ನಾಯಿ ಸಾಯಲಿಲ್ಲ, ಮಂಪರಾಗಲೂ ಇಲ್ಲ. ಎದ್ದು ಮೊದಲಿನಂತೆ ಓಡಾಡಿತು. ಗೇಲನ್ ಕಂಡು ಬದಿಗಿಟ್ಟಿದ್ದ ಅದೇ ಒಗಟು ಈಗ ಉತ್ತರವನ್ನು ಪಕ್ಕದಲ್ಲೇ ಇಟ್ಟುಕೊಂಡು ಬಂದು ನಿಂತಿತ್ತು.

ಮನುಷ್ಯನ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ. ಅದನ್ನು ಕಾಯಿಲೆಯೇ ಮಾಡಿಟ್ಟಿತ್ತು. ಆಕಸ್ಮಿಕವಾಗಿ ಅದು ವಿಲ್ಲಿಸ್‌ನ ಕೈಗೆ ಸಿಕ್ಕಿತು. ಹೊಟ್ಟೆಯೊಳಗಿನ ಗಡ್ಡೆಯಿಂದ ಸತ್ತ ಒಬ್ಬ ಗಂಡಸಿನ ದೇಹವನ್ನು ಅವನು ಕೊಯ್ಯುತ್ತಿದ್ದ. ಸಾವಿನ ಕಾರಣ ಹೊಟ್ಟೆಯಲ್ಲೇ ಸಿಕ್ಕಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ತಲೆ ನೋಡದೆ ಬಿಡದ ಚಾಳಿಯವನಾದ್ದರಿಂದ ಬುರುಡೆಯನ್ನೂ ತೆಗೆದ. ಬಲಗಡೆಯ ಕ್ಯಾರೊಟಿಡ್ ಬುರುಡೆಯೊಳಗೆ ಬರುವಲ್ಲಿ ಮೂಳೆಯಂತೆ, ಕಲ್ಲಿನಂತೆ ಗಟ್ಟಿಯಾಗಿ, ಒಳದಾರಿ ಬಹುತೇಕ ಮುಚ್ಚಿಹೋಗಿತ್ತು. ಈ ಮನುಷ್ಯ ಎಂದೋ ಲಕ್ವ ಹೊಡೆದು ಸಾಯಬೇಕಿತ್ತು ಎಂದು ವಿಲ್ಲಿಸ್ ಬೆರಗಾದ. ಆದರೆ ಕೊನೆಯ ಗಳಿಗೆಯವರೆಗೂ ಅವನ ಬುದ್ಧಿಗೂ ಕೈಕಾಲಿಗೂ ಏನೂ ಆಗಿರಲಿಲ್ಲ. ವಿಲ್ಲಿಸ್ ಬೆರಳು ಹಿಂದಕ್ಕೆ ಸರಿಸಿದ. ಕತ್ತಿನ ಮೂಳೆಗಳ ತೂತುಗಳೊಳಗಿಂದ ಏರಿಬರುವ ಇನ್ನೊಂದು ಜೋಡಿ ಧಮನಿಗಳಿವೆ, ಬೆನ್ನೆಲುಬಿನ ಧಮನಿಗಳು. ಅದೇ ಬಲಬದಿಯ ಆ ಧಮನಿ ಎಡಬದಿಯದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು.

1664ರಲ್ಲಿ ಲಂಡನ್ನಿನಲ್ಲಿ ವಿಲ್ಲಿಸ್‌ನ ಲ್ಯಾಟಿನ್ ಗ್ರಂಥ 'ಸೆರೆಬ್ರಿ ಅನಾಟಮೆ' ಹೊರಬಂತು. ಮಿದುಳಿನ ಬುಡದ ಚಿತ್ರಗಳಿಗೆ ರೆನ್ ಕೈಗೂಡಿಸಿದ್ದ. ಚಾಕುವಿನ ಕೆಲಸ ಲೋವರ್‌ನದೆಂದು ವಿಲ್ಲಿಸ್ ಮುನ್ನುಡಿಯಲ್ಲಿ ಧಾರಾಳವಾಗಿ ಹೇಳಿದ. ಆ ಕಾಲದ ಗುರುಗಳಲ್ಲಿ ಈ ಗುಣ ಅಪರೂಪ. ನ್ಯಾಯವಾಗಿ ಇನ್ನೊಂದು ಹೆಸರನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ನಲ್ಲಿ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ ಲಕ್ವದಿಂದ ಸತ್ತವರ ತಲೆಗಳನ್ನು ಬಿಚ್ಚಿ, ಮಿದುಳೊಳಗೆ ರಕ್ತ ಸುರಿದಿದ್ದನ್ನು ಕಂಡು, ಈ ಧಮನಿಗಳ ಜಾಡನ್ನು ಆರು ವರ್ಷ ಮೊದಲೇ, 1658ರಲ್ಲಿ, ಅಚ್ಚು ಹಾಕಿಸಿದ್ದ. ಆದರೂ ನಂತರದ ಶತಮಾನದಲ್ಲಿ ಉಂಗುರಕ್ಕೆ ಅಂಟಿದ್ದು ವಿಲ್ಲಿಸ್‌ನ ಹೆಸರು. ಉಂಗುರವನ್ನು ಕಂಡವರು ಹಲವರಿದ್ದರು. ಅದು ಯಾತಕ್ಕೆ ಇದೆಯೆಂದು ಶಾಯಿ, ನಾಯಿ, ರೋಗಿ ಮೂರರಿಂದಲೂ ಸಾಕ್ಷಿ ಹೇಳಿಸಿದವನು ಅವನೊಬ್ಬನೇ.

ಉತ್ತರ ಇಷ್ಟು. ಕ್ಯಾರೊಟಿಡ್ ಧಮನಿ ಎಡಬಲ ಒಂದೊಂದರಂತೆ ಎದೆಯಿಂದ ಕತ್ತಿಗೆ ಏರಿ, ಗಂಟಲಮಣಿಯ ಎತ್ತರದಲ್ಲಿ ಎರಡಾಗಿ ಕವಲೊಡೆಯುತ್ತದೆ. ಹೊರಗವಲು ಮುಖಕ್ಕೂ ನೆತ್ತಿಯ ಚರ್ಮಕ್ಕೂ ಹೋಗುತ್ತದೆ. ಒಳಗವಲು ಕತ್ತಿನಲ್ಲಿ ಒಂದೂ ಕೊಂಬೆ ಬಿಡದೆ, ಕಿವಿಯ ಹತ್ತಿರದ ಮೂಳೆಯ ಸುರಂಗ ಹೊಕ್ಕು, ಹಾವಿನಂತೆ ಎರಡು ಬಾಗು ಬಾಗಿ, ಕಣ್ಣಿಗೊಂದು ನಾಳ ಕೊಟ್ಟು ಮಿದುಳಿನ ಬುಡ ಸೇರುತ್ತದೆ. ಹಿಂದಿನಿಂದ ಬರುವ ಬೆನ್ನೆಲುಬಿನ ಧಮನಿಗಳೆರಡು ಕೂಡಿ ಒಂದಾಗುತ್ತವೆ. ಮುಂದೆ ಒಂದು, ಹಿಂದೆ ಎರಡು ಸಣ್ಣ ಕೊಂಡಿಗಳು ಇವೆಲ್ಲವನ್ನೂ ಬೆಸೆದು ಉಂಗುರ ಮಾಡುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು ಹೃದಯ ತಳ್ಳುವ ರಕ್ತದಲ್ಲಿ ಸುಮಾರು 15 ಪಾಲನ್ನು ಕೇಳುತ್ತದೆ, ಮತ್ತು ಕೆಲವು ನಿಮಿಷವೂ ಕಾಯುವುದಿಲ್ಲ. ಒಂದು ದಾರಿ ಮುಚ್ಚಿದರೆ ಉಳಿದ ದಾರಿಗಳ ರಕ್ತ ಕೊಂಡಿಗಳ ಮೂಲಕ ಅತ್ತ ತಿರುಗುತ್ತದೆ.

ಚಿತ್ರದಲ್ಲಿರುವಷ್ಟು ತುಂಬಿದ ಉಂಗುರ ಎಲ್ಲರಿಗೂ ಇರುವುದಿಲ್ಲ. ಕೆಲವರ ಕೊಂಡಿಗಳು ನೂಲೆಳೆಯಷ್ಟು ಸಣ್ಣ, ಕೆಲವರಲ್ಲಿ ಒಂದೆರಡು ಇಲ್ಲವೇ ಇಲ್ಲ. ಆದ್ದರಿಂದಲೇ ಕ್ಯಾರೊಟಿಡ್ ಮುಚ್ಚಿದಾಗ ಒಬ್ಬನಿಗೆ ಲಕ್ವ ಹೊಡೆಯುತ್ತದೆ, ಇನ್ನೊಬ್ಬನಿಗೆ ಗೊತ್ತೇ ಆಗುವುದಿಲ್ಲ. ವಿಲ್ಲಿಸ್ ಕಂಡ ಆ ರೋಗಿಗೆ ಉಂಗುರದ ಜೊತೆಗೆ ಸಮಯವೂ ಒದಗಿತ್ತು. ಒಂದು ನಾಳ ನಿಧಾನವಾಗಿ ಕಲ್ಲಾಗುತ್ತಿದ್ದಷ್ಟು ಕಾಲ ಇನ್ನೊಂದು ನಿಧಾನವಾಗಿ ದಪ್ಪವಾಗುತ್ತ ಬಂದಿತ್ತು. ಅದೇ ಧಮನಿ ಒಂದೇ ದಿನದಲ್ಲಿ ಮುಚ್ಚಿದ್ದರೆ ಅವನು ಆ ಮೇಜಿಗೆ ಬೇರೆ ಕಾಯಿಲೆಯ ಹೆಸರಿನಲ್ಲಿ, ಇನ್ನೂ ಬೇಗ ಬರುವ ಸಂಭವವೇ ಹೆಚ್ಚಿತ್ತು.